ಬೇಕೆಂದೇ ತಪ್ಪಾಗಿ ಕೊಟ್ಟ ಉತ್ತರಗಳು

ನನ್ನ ಮಗ ಲೂಸಿಯನ್ ಇನ್ನಿಲ್ಲವೆಂಬ ಸುದ್ದಿ ಬಂದದ್ದು ಆಗಸ್ಟ್ ತಿಂಗಳ ಒಂದು ಬುಧವಾರ. ಸಂಜೆಯ ಪ್ರಾರ್ಥನಾಕೂಟದ ಊಟಕ್ಕೆಂದು ನಾವು ಕೆಲವರು ಚರ್ಚಿನ ಅಡುಗೆಮನೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದೆವು. ಪೊಲೀಸಿನವನೊಬ್ಬ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ಬಂದು ನಿಂತ. ಅವನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಒಡೆಸ್ಸಾ ಚಾಕುವನ್ನು ಕೆಳಗಿಟ್ಟಳು.

ಲೂಸಿಯನ್‌ಗೆ ನಲವತ್ತಮೂರು ವರ್ಷ. ನಮ್ಮ ಮನೆಗೆಂದು ಹೊರಟವನು ದಾರಿ ತಪ್ಪಿದ್ದ. ಕಬ್ಬಿನ ಗದ್ದೆಗಳ ನಡುವೆ ಗಾಡಿ ಕೆಸರಿನಲ್ಲಿ ಹೂತಿತ್ತು. ಇಳಿದು ಸುಡುಬಿಸಿಲಿನಲ್ಲಿ ನಡೆದು, ಬಿದ್ದು, ಅಲ್ಲಿಯೇ ಪ್ರಾಣ ಬಿಟ್ಟಿದ್ದ.

ಒಂಬತ್ತು ವರ್ಷ ದೊಡ್ಡ ಲೀಗಿನಲ್ಲಿ, ಹೆಲ್ಮೆಟ್ ತೊಟ್ಟು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ನಮ್ಮ ಕಡೆಯ ಫುಟ್‌ಬಾಲ್ ಆಡಿದವನು ಅವನು. ಚೆಂಡು ಹಿಡಿದು ಓಡಿಬರುವವನನ್ನು ಗುದ್ದಿ ಕೆಡವುವುದೇ ಅವನ ಕೆಲಸ. ಭಾನುವಾರ ಆರಾಧನೆ ಮುಗಿದ ಮೇಲೆ ಊರಿಗೆ ಊರೇ ಟಿವಿಯ ಮುಂದೆ ಕೂರುತ್ತಿತ್ತು. ಅವನು ತಲೆ ತಗ್ಗಿಸಿ ನುಗ್ಗಿ ಹೊಡೆದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ಅದನ್ನು ಮರೆಮಾಚಿ ಈ ಕಥೆ ಹೇಳುವ ಹಕ್ಕು ನನಗಿಲ್ಲ.

ಆಟ ಬಿಟ್ಟ ಮೇಲೆ ಅವನಿಗೆ ಮರೆವು ಬಂತು. ಸಣ್ಣ ಮಾತಿಗೂ ರೇಗುತ್ತಿದ್ದ. ಹೆಂಡತಿ ದೂರವಾದಳು. ನಾವು ಅದನ್ನು ಸೋಮಾರಿತನ ಎಂದೆವು, ದೇವರನ್ನು ಮರೆತದ್ದರ ಫಲ ಎಂದೆವು. ಅವನು ತೀರಿಕೊಂಡ ಮೇಲೆ ವೈದ್ಯರು ಮಿದುಳನ್ನು ಪರೀಕ್ಷೆಗೆ ಕೊಡುವಿರಾ ಎಂದು ಕೇಳಿದರು. ಒಡೆಸ್ಸಾ ಒಪ್ಪಿಕೊಂಡಳು. ತಲೆಗೆ ವರ್ಷಗಟ್ಟಲೆ ಬಿದ್ದ ಪೆಟ್ಟುಗಳಿಂದ ಮಿದುಳಿಗೆ ರೋಗ ಹತ್ತಿತ್ತೆಂದು ಅವರು ಬರೆದು ತಿಳಿಸಿದರು. ಬದುಕಿದ್ದಾಗ ಅದನ್ನು ಖಚಿತವಾಗಿ ಕಂಡುಹಿಡಿಯುವ ಪರೀಕ್ಷೆ ಇನ್ನೂ ಇಲ್ಲವಂತೆ. ಒಂದು ದೊಡ್ಡ ಪೆಟ್ಟು ಮಾತ್ರವಲ್ಲ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಣ್ಣ ಪೆಟ್ಟುಗಳೂ ಸೇರಿಕೊಂಡು ಹಾಗೆ ಮಾಡುತ್ತವಂತೆ.

ಇಷ್ಟು ತಿಳಿದ ಮೇಲೂ ನಮ್ಮ ಮನೆಗೆ ಬುದ್ಧಿ ಬಂದದ್ದು ಮರುವರ್ಷದ ಅಕ್ಟೋಬರಿನಲ್ಲಿ.

ನನ್ನ ಮಗಳ ಮಗ ಟೆರಾನ್ ಅದೇ ಲೀಗಿನಲ್ಲಿ ಆಡುತ್ತಾನೆ. ಸೋದರಮಾವನ ಹಾಗೆಯೇ ಕೆಡವುವವನು. ಅವನ ತಂಡಕ್ಕೆ ಆಟವಿಲ್ಲದ ವಾರ ಬಂದಾಗ ಊರಿಗೆ ಬಂದ. ಮಧ್ಯಾಹ್ನ ನಾವಿಬ್ಬರೂ ಜಗಲಿಯಲ್ಲಿ ಡಾಮಿನೊ ಆಡುತ್ತ ಕುಳಿತೆವು. ಚುಕ್ಕೆಗೆ ಚುಕ್ಕೆ ಸರಿಹೊಂದಿಸಿ ಬಿಲ್ಲೆ ಇಡುವ ಈ ಆಟದಲ್ಲಿ ಅವನನ್ನು ಸೋಲಿಸಿದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಆ ದಿನ ಅವನು ಐದು ಚುಕ್ಕೆಯ ಬಿಲ್ಲೆಯನ್ನು ಮೂರರ ಪಕ್ಕಕ್ಕೆ ಇಟ್ಟ. ತಮಾಷೆಯೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೆಯೇ ಮಾಡಿದ. ಜಗಲಿಯ ನೆರಳಿನಲ್ಲಿಯೂ ಅವನು ಕಪ್ಪು ಕನ್ನಡಕ ತೆಗೆದಿರಲಿಲ್ಲ.

ಅಷ್ಟರಲ್ಲಿ ನೆರೆಮನೆಯ ಯೂಲಾ ಬಂದಳು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮೂವತ್ತು ವರ್ಷ ದುಡಿದವಳು. ಈಗ ಭಾನುವಾರಗಳಂದು ಬಿಳಿ ಸಮವಸ್ತ್ರ ತೊಟ್ಟು, ಚರ್ಚಿನಲ್ಲಿ ತಲೆಸುತ್ತಿ ಬಿದ್ದವರನ್ನು ನೋಡಿಕೊಳ್ಳುತ್ತಾಳೆ. ಟೆರಾನ್‌ಗೆಂದು ಸಿಹಿಗೆಣಸಿನ ಕಡುಬನ್ನು ತಗಡಿನ ಡಬ್ಬದಲ್ಲಿ ತಂದಿದ್ದಳು. ಡಬ್ಬ ಇಟ್ಟು, ಬಿಲ್ಲೆಗಳ ಸಾಲನ್ನು ಒಮ್ಮೆ ನೋಡಿದಳು.

"ಏಳು ವರ್ಷಕ್ಕೇ ನನ್ನ ಸೋಲಿಸಿ ನಾಲಿಗೆ ತೋರಿಸ್ದೋನು ನೀನು," ಎಂದಳು. "ಐದಕ್ಕೂ ಮೂರಕ್ಕೂ ಯಾವಾಗಪ್ಪ ಮದುವೆ ಮಾಡಿಸ್ದೆ?"

"ತಾತ ಪಾಪ, ಒಂದ್ಸಲನಾದ್ರೂ ಗೆಲ್ಲಲಿ ಅಂತ ಬಿಟ್ಟೆ ಅತ್ತೆ."

"ತಲೆ ನೋಯ್ತಿದ್ಯಾ?"

"ಕಬ್ಬಿನ ಧೂಳು ಕಣ್ಣಿಗೆ ಬಿತ್ತು, ಅಷ್ಟೇ."

ಯೂಲಾ ಬಿಡಲಿಲ್ಲ. ಒಂದೊಂದಾಗಿ ಕೇಳಿ ಹೊರಡಿಸಿದಳು. ಹಿಂದಿನ ಭಾನುವಾರದ ಆಟದಲ್ಲಿ ಅವನೂ ಎದುರಾಳಿಯೂ ತಲೆಗೆ ತಲೆ ಡಿಕ್ಕಿ ಹೊಡೆದಿದ್ದರು. ಮೇಲೆ ಆರೇಳು ಜನ ಬಿದ್ದಿದ್ದರಿಂದ ಯಾರಿಗೂ ಕಾಣಲಿಲ್ಲ. ಕಣ್ಣಿಗೆ ಕತ್ತಲೆ ಕವಿಯಿತಂತೆ. ಎದ್ದು ಆಟ ಮುಗಿಸಿದನಂತೆ. ಅಂದಿನಿಂದ ಬೆಳಕು ಚುಚ್ಚುತ್ತದೆ, ನಿದ್ದೆ ಬರುತ್ತಿಲ್ಲ, ಓದಿದ್ದು ತಲೆಗೆ ಹತ್ತುತ್ತಿಲ್ಲ.

ಹೆಲ್ಮೆಟ್ ಇರುವಾಗ ಏನಾಗುತ್ತದೆ ಎಂದು ಅವನು ವಾದಿಸಿದ. ಒಳ್ಳೆಯ ಹೆಲ್ಮೆಟ್, ಈ ವರ್ಷದ್ದು. ಯೂಲಾ ಡಬ್ಬದ ಮುಚ್ಚಳ ತೆಗೆದಳು. ಚರ್ಚಿನ ಅಡುಗೆಮನೆಯಲ್ಲಿ ಅದನ್ನು ಬೇಯಿಸಿ ತರುವ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದು ಅವಳು ಗಾಡಿಯ ಬ್ರೇಕ್ ಒತ್ತಿದ್ದಳಂತೆ. ಕಡುಬು ಒಂದು ಬದಿಗೆ ಜಜ್ಜಿಹೋಗಿತ್ತು.

"ಡಬ್ಬಕ್ಕೆ ಒಂದು ಗೀರು ಬಿದ್ದಿದ್ಯಾ ನೋಡು. ಹೆಲ್ಮೆಟ್ ಬುರುಡೆ ಒಡೀದಂಗೆ ಕಾಯತ್ತೆ. ಒಳಗೆ ಮಿದುಳು ಹೋಗಿ ಬಡಿಯೋದನ್ನ ಯಾವ ಹೆಲ್ಮೆಟ್ಟೂ ಪೂರ್ತಿ ತಡಿಯಲ್ಲ."

ಆಗ ಟೆರಾನ್ ತನ್ನ ದೊಡ್ಡ ಅಸ್ತ್ರ ತೆಗೆದ. ಸೋಮವಾರ ತಲೆನೋವೆಂದಷ್ಟೇ ಹೇಳಿದಾಗ ತಂಡದವರು ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿದರಂತೆ. ನೆನಪು ಎಷ್ಟಿದೆ, ಉತ್ತರ ಎಷ್ಟು ಬೇಗ ಬರುತ್ತದೆ ಎಂದು ನೋಡುವ ಪರೀಕ್ಷೆ. ಆಟದ ಕಾಲ ಶುರುವಾಗುವ ಮುಂಚೆ, ತಲೆ ಚೆನ್ನಾಗಿರುವಾಗ, ಒಮ್ಮೆ ಅದನ್ನು ಮಾಡಿಟ್ಟುಕೊಂಡಿರುತ್ತಾರೆ. ಪೆಟ್ಟು ಬಿದ್ದ ಮೇಲೆ ಹೋಲಿಸುತ್ತಾರೆ. ಟೆರಾನ್‌ನ ಎರಡು ಫಲಿತಾಂಶಗಳೂ ಒಂದೇ ಬಂದಿದ್ದವು. ಅಷ್ಟು ಹೇಳಿ ಅವನು ನಕ್ಕ.

"ಹೆಂಗೆ ಒಂದೇ ಬಂತು ಗೊತ್ತಾ ಅತ್ತೆ? ಬೇಸಿಗೇಲಿ ಬೇಕಂತಲೇ ತಪ್ಪು ಒತ್ತಿದ್ದೆ. ನಿಧಾನಕ್ಕೆ, ದಡ್ಡನ ಥರ. ತುಂಬಾ ಜನ ಹಂಗೇ ಮಾಡ್ತಾರೆ. ಲೂಸಿಯನ್ ಮಾಮ ಹೇಳ್ಕೊಟ್ಟಿದ್ದು."

ಕೈಯ ಬಿಲ್ಲೆಗಳನ್ನು ನಾನು ಕೆಳಗಿಟ್ಟೆ. ಲೂಸಿಯನ್ ಆ ಉಪಾಯವನ್ನು ನಮ್ಮ ಊಟದ ಮೇಜಿನಲ್ಲಿಯೇ ಹೇಳಿದ್ದು ನನಗೆ ನೆನಪಿತ್ತು. ಟೆರಾನ್ ಆಗ ಶಾಲಾ ತಂಡದಲ್ಲಿದ್ದ. ನಾನು ಮೇಜು ತಟ್ಟಿ ನಕ್ಕಿದ್ದೆ. ಎಂಥ ಚಾಲಾಕಿ ಮಗ ಎಂದಿದ್ದೆ.

ಯೂಲಾ ದನಿ ಏರಿಸಲಿಲ್ಲ. "ತಂಡದೋರಿಗೆ ಮೋಸ ಮಾಡ್ದೆ ಅಂತ ತಿಳ್ಕೊಂಡಿದೀಯ. ನಿನ್ನ ತಲೆ ಸರಿ ಇದ್ದಾಗ ಹೆಂಗಿತ್ತು ಅನ್ನೋದಕ್ಕೆ ಇದ್ದ ಒಂದು ಅಳತೆ ಅದು ಕಂದ. ಅದನ್ನ ನೀನೇ ಸುಳ್ಳು ಮಾಡ್ದೆ. ಈಗ ಡಾಕ್ಟ್ರು ಏನನ್ನ ಏನಕ್ಕೆ ಹೋಲಿಸ್ಬೇಕು?"

ಟೆರಾನ್‌ನ ನಗು ನಿಂತಿತು. ನಿಜವಾದ ಭಯ ಹೊರಬಂತು. ಅವನ ಜಾಗಕ್ಕೆ ಕಾಯುತ್ತಿದ್ದ ಆಟಗಾರನೊಬ್ಬ ತಂಡದಲ್ಲಿದ್ದ. ಒಂದು ಭಾನುವಾರ ಹೊರಗೆ ಕುಳಿತರೆ ಸಾಕು, ಅವನು ಬಂದು ಕೂರುತ್ತಾನೆ. ಹದಿನೈದು ವರ್ಷ ಕನಸು ಕಂಡು ಗಳಿಸಿದ ಜಾಗ.

"ಜಾಗ ಹೋದ್ರೂ ಹೋಗ್ಬಹುದು," ಎಂದಳು ಯೂಲಾ. "ನಿನ್ನ ಸಮಾಧಾನಕ್ಕೆ ಸುಳ್ಳು ಹೇಳಲ್ಲ. ಆದ್ರೆ ಮೊದಲನೇ ಪೆಟ್ಟು ಮಾಯೋ ಮುಂಚೆ ಎರಡನೇದು ಬಿದ್ರೆ ಜೀವಕ್ಕೇ ಕುತ್ತು ಬರಬಹುದು. ಅಂಥೋರನ್ನ ನನ್ನ ಕಣ್ಣಾರೆ ನೋಡಿದೀನಿ."

ಅವನು ನನ್ನ ಕಡೆ ನೋಡಿದ. ತಾತ ತನ್ನ ಪಕ್ಷವೆಂದು ಅವನಿಗೆ ನಂಬಿಕೆ. ಒಡೆಸ್ಸಾಗೂ ಹೇಳದೆ ನಾನು ಎದೆಯಲ್ಲಿಟ್ಟುಕೊಂಡಿದ್ದ ಒಂದು ಮಾತನ್ನು ಆಗ ಹೇಳಿದೆ.

"ನಿಮ್ಮ ಮಾಮ ಸತ್ತ ಜಾಗಕ್ಕೆ ನಾನು ಹೋಗಿದ್ದೆ ಕಣಪ್ಪ. ಕೆಸರಲ್ಲಿ ಹೆಜ್ಜೆ ಮೂಡಿತ್ತು. ನಮ್ಮನೆಗೆ ಅಲ್ಲಿಂದ ಎರಡೇ ಮೈಲಿ. ಅವನು ಹುಟ್ಟಿ ಬೆಳೆದ ರಸ್ತೆ. ಹೆಜ್ಜೆ ಮನೆ ಕಡೆ ಇರ್ಲಿಲ್ಲ. ಮನೆಗೆ ಬೆನ್ನು ಹಾಕ್ಕೊಂಡು ಹೋಗಿದ್ದ."

ಟೆರಾನ್ ರಸ್ತೆಯ ಕಡೆ ತಿರುಗಿ ನೋಡಿದ.

"ಆ ಉಪಾಯ ಕೇಳಿ ಮೊದಲು ನಕ್ಕೋನು ನಾನು," ಎಂದೆ. "ಅವತ್ತೇ ಬೈದಿದ್ರೆ ಅದು ನಿನ್ನ ತನಕ ಬರ್ತಿರ್ಲಿಲ್ಲ. ಇವತ್ತು ಬೈತಿದೀನಿ. ಫೋನ್ ಮಾಡು."

ಟೆರಾನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಯೂಲಾಳನ್ನು ಪಕ್ಕದಲ್ಲಿ ಕೂರಲು ಕೇಳಿಕೊಂಡು ತಂಡದ ವೈದ್ಯರಿಗೆ ಫೋನ್ ಮಾಡಿದ. ಪೆಟ್ಟು ಬಿದ್ದದ್ದು, ಬೆಳಕು ಚುಚ್ಚುವುದು, ಬೇಸಿಗೆಯ ಸುಳ್ಳು ಉತ್ತರಗಳು, ಎಲ್ಲವನ್ನೂ ಹೇಳಿದ. ಕೂಡಲೇ ಹೊರಟು ಬರಲು ಅವರು ಹೇಳಿದರು. ಗಾಡಿಯನ್ನು ಅವನು ಓಡಿಸಬಾರದೆಂದು ಯೂಲಾ ಕೀಲಿಕೈ ಕಿತ್ತುಕೊಂಡಳು. ಅವನ ತಾಯಿ ಕರೆದುಕೊಂಡು ಹೋದಳು.

ಅವನು ನಾಲ್ಕು ಆಟ ಹೊರಗೆ ಕುಳಿತ. ಮೊದಲು ವಿಶ್ರಾಂತಿ, ಆಮೇಲೆ ನಡಿಗೆ, ಆಮೇಲೆ ಓಟ, ಕೊನೆಗೆ ಅಭ್ಯಾಸ. ತಲೆನೋವು ಮರಳಿದರೆ ಒಂದು ಹೆಜ್ಜೆ ಹಿಂದಕ್ಕೆ. ಕಾಯುತ್ತಿದ್ದವನು ಅವನ ಜಾಗದಲ್ಲಿ ಚೆನ್ನಾಗಿಯೇ ಆಡಿದ. ಈಗ ಇಬ್ಬರೂ ಸರದಿಯಲ್ಲಿ ಆಡುತ್ತಾರೆ. ಟೆರಾನ್‌ಗೆ ಅದು ನೋವೇ. ಆದರೆ ಈಗ ಅವನು ತಲೆಯೆತ್ತಿ, ಭುಜ ಕೊಟ್ಟು ಕೆಡವುತ್ತಾನೆ. ಮರುವರ್ಷದ ಬೇಸಿಗೆಯ ಪರೀಕ್ಷೆಗೆ ಸರಿಯಾದ ಉತ್ತರಗಳನ್ನೇ ಕೊಟ್ಟ. ತಂಡದ ಇನ್ನೂ ಮೂವರು ತಾವಾಗಿ ಹೋಗಿ ಪರೀಕ್ಷೆಯನ್ನು ಹೊಸದಾಗಿ ಮಾಡಿಸಿಕೊಂಡರಂತೆ. ಕ್ರಿಸ್‌ಮಸ್‌ಗೆ ಬಂದವನು ಡಾಮಿನೊದಲ್ಲಿ ನನ್ನನ್ನು ಆರು ಬಾರಿ ಸೋಲಿಸಿದ.

ಓದುವ ತಾಯಂದಿರೇ, ತಂದೆಯರೇ, ಆಟಗಾರರೇ, ಇದನ್ನು ಮನಸ್ಸಿನಲ್ಲಿಡಿ. ತಲೆಗೆ ಪೆಟ್ಟು ಬಿದ್ದು ತಲೆನೋವು, ವಾಕರಿಕೆ, ಮಂಕು, ಮರೆವು ಕಂಡರೆ ಆ ದಿನ ಮತ್ತೆ ಆಟಕ್ಕೆ ಇಳಿಯಬೇಡಿ. ವೈದ್ಯರು ಒಪ್ಪುವವರೆಗೆ ಕಾಯಿರಿ. ನೋವು ಹೆಚ್ಚುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಪರೀಕ್ಷೆಯಲ್ಲಿ ಸುಳ್ಳು ಹೇಳಬೇಡಿ. ಹೇಳಿದವನನ್ನು ಕಂಡು ನನ್ನ ಹಾಗೆ ನಗಬೇಡಿ. ಆಟವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ನೋವನ್ನು ಬಾಯಿಬಿಟ್ಟು ಹೇಳಿದವನನ್ನು ಹೇಡಿ ಎನ್ನಬೇಡಿ. ಇಷ್ಟು ನಮ್ಮ ಕೈಯಲ್ಲಿದೆ, ಇಷ್ಟನ್ನು ನಾವು ಮಾಡಬಲ್ಲೆವು.

ಕರ್ತನೇ, ನಿನ್ನ ಸೇವಕ ಲೂಸಿಯನ್‌ನನ್ನು ನಿನ್ನ ಕೈಗೆ ಒಪ್ಪಿಸಿದ್ದೇವೆ. ಅವನು ರೇಗಿದ್ದನ್ನು ಅವನ ಲೆಕ್ಕಕ್ಕೆ ಹಿಡಿಯಬೇಡ. ನಾವು ಅವನನ್ನು ಅರಿಯದೆ ಹೋದದ್ದನ್ನು ಕ್ಷಮಿಸು. ನೊಂದ ಅವನ ತಲೆಗೆ ನಿನ್ನ ಎದೆಯಲ್ಲಿ ಜಾಗ ಕೊಡು. ಅವನ ಆತ್ಮಕ್ಕೆ ಶಾಂತಿ ದೊರೆಯಲಿ. ಆಮೆನ್.