ನೌಕೆಯ ಹೊದಿಕೆ

ನೌಕೆಯ ಯೋಜನೆ ನಡೆಸುವ ಮೇಡಂ ಗಾಜಿನ ಆಚೆ ನಿಂತಿದ್ದರು. ಧೂಳು ಸೋಂಕಬಾರದ ಆ ಕೋಣೆಗೆ ಬರುವವರು ಹಾಕಿಕೊಳ್ಳುವ ಬಿಳಿ ನಿಲುವಂಗಿ ಮೈಮೇಲಿಲ್ಲ, ತಲೆಗೆ ಟೋಪಿಯಿಲ್ಲ, ಕೆದರಿದ ಕೂದಲಲ್ಲೇ ಬಂದುಬಿಟ್ಟಿದ್ದರು. ಹೊಲಿಗೆಯಮ್ಮ ಸೂಜಿಯನ್ನು ಅರ್ಧಕ್ಕೇ ನಿಲ್ಲಿಸಿ ತಲೆಯೆತ್ತಿದಳು. ಗೋಡೆಯ ಸ್ಪೀಕರ್ ಕರಕರ ಎಂದಿತು.

"ಸೂಜಿ ಕೆಳಗಿಡಿ ಅಮ್ಮಾ. ಇನ್ನು ಹೊಲಿಯೋದು ಬೇಡ."

"ಯಾಕೆ, ಅಳತೆ ಬದಲಾಯ್ತಾ ಮೇಡಂ?"

"ಇಲ್ಲ. ನೌಕೆ ಹೋಗಲ್ವಂತೆ."

ಹೊಲಿಗೆಯಮ್ಮನಿಗೆ ತಕ್ಷಣ ತಲೆಗೆ ಹೋಗಲಿಲ್ಲ. ನೌಕೆ ಅವಳ ಪಕ್ಕದಲ್ಲೇ ಇತ್ತು, ಎರಡಾಳೆತ್ತರಕ್ಕೆ, ಚಿನ್ನದ ಬಣ್ಣದ ಹೊದಿಕೆಯಲ್ಲಿ ಮಿನುಗುತ್ತ. ಗುರುಗ್ರಹವನ್ನು ಸುತ್ತುವ ಒಂದು ಹಿಮದ ಚಂದ್ರನವರೆಗೆ ಅದು ಒಂಟಿಯಾಗಿ ಹೋಗಬೇಕಿತ್ತು. ಆ ಹಿಮದ ಕೆಳಗೆ ಸಮುದ್ರವಿದೆಯಂತೆ, ಅಲ್ಲಿ ಜೀವವೇನಾದರೂ ಇದ್ದೀತೇ ಎಂದು ನೋಡಿ ಹೇಳಬೇಕಿತ್ತು. ಸೂರ್ಯನಿಂದ ಅಷ್ಟು ದೂರ ಕೊರೆಯುವ ಚಳಿ. ತೆಳು ಹಾಳೆಗಳನ್ನು ಪದರದ ಮೇಲೆ ಪದರವಿಟ್ಟು, ಆ ಯಂತ್ರಕ್ಕೊಂದು ಹೊದಿಕೆ ಹೊಲಿಯಲು ಅವಳನ್ನು ಸಿದ್ಧ ಉಡುಪಿನ ಕಾರ್ಖಾನೆಯಿಂದ ಆರಿಸಿ ತಂದಿದ್ದರು.

ಅವಳ ಗಂಡ ಬಸ್ ಡ್ರೈವರ್. ದಿನಾ ಸಂಜೆ ಕೇಳುತ್ತಿದ್ದ, "ಏನೇ, ನಿನ್ನ ಗಾಡಿಗೆ ಸೀಟ್ ಕವರ್ ಆಯ್ತಾ?" ತಲುಪುವುದಕ್ಕೆ ವರ್ಷಗಟ್ಟಲೆ ಬೇಕು ಎಂದಾಗ ಕಣ್ಣರಳಿಸಿ, "ಅಯ್ಯೋ ಪಾಪ, ನಡುವೆ ಎಲ್ಲೂ ಟೀಗೆ ನಿಲ್ಸಲ್ವಾ?" ಎಂದಿದ್ದ. ಆಮೇಲೆ ಅವನ ಶ್ವಾಸಕೋಶ ಕೆಟ್ಟಿತು. ಆಸ್ಪತ್ರೆಯಲ್ಲಿದ್ದ ದಿನಗಳಲ್ಲೇ ಆಂಟೆನಾದ ಹೊದಿಕೆ ಮುಗಿಯಬೇಕಿತ್ತು, ಮಾರನೇ ದಿನ ನೌಕೆಯನ್ನು ಅಲುಗಾಡಿಸಿ ನೋಡುವ ಪರೀಕ್ಷೆ. ಬೆಳಿಗ್ಗೆ ಅವನು ಗಂಜಿ ಕುಡಿದ, ಮಾತಾಡಿದ. ಅವಳು ಧೈರ್ಯ ಮಾಡಿ ಕೆಲಸಕ್ಕೆ ಬಂದಳು. ಒಳಗೆ ಫೋನ್ ತರುವಂತಿಲ್ಲ. ಮಗಳು ಮತ್ತೆ ಮತ್ತೆ ಮಾಡಿದ ಕರೆಗಳೆಲ್ಲ ಹೊರಗಿನ ಲಾಕರಿನಲ್ಲಿ ಬಡಿದುಕೊಂಡು ಸುಮ್ಮನಾದವು. ಸಂಜೆ ಪರೀಕ್ಷಕರು ಭೂತಗನ್ನಡಿ ಹಿಡಿದು ನೋಡಿ, ಇಷ್ಟು ನೇರವಾದ ಹೊಲಿಗೆ ನಾನು ನೋಡೇ ಇಲ್ಲ ಎಂದು ಮೆಚ್ಚಿಕೊಂಡರು. ಆ ಹೊತ್ತಿಗೆ ಗಂಡ ತೀರಿಕೊಂಡು ಬಹಳ ಹೊತ್ತಾಗಿತ್ತು.

ನೌಕೆ ಹೋಗುವುದಿಲ್ಲವೆಂದು ತಿಳಿದ ಸಂಜೆ ಮನೆಗೆ ಬಂದಾಗ ಟೀವಿಯಲ್ಲಿ ಮಂತ್ರಿಗಳು ಮಾತಾಡುತ್ತಿದ್ದರು. ಇರುವ ಹಣದಲ್ಲಿ ಮೊದಲು ನಮ್ಮ ಜನ ಚಂದ್ರನ ಮೇಲೆ ಕಾಲಿಡಲಿ, ಯಂತ್ರಗಳಿಗೇನು, ಕಾಯಬಲ್ಲವು ಎಂದು ನಕ್ಕರು. ಔಷಧಿ ಅಂಗಡಿಯ ಕೆಲಸದಿಂದ ಆಗಷ್ಟೇ ಬಂದಿದ್ದ ಮಗಳು ಚಪ್ಪಲಿಯನ್ನೂ ಬಿಡದೆ ನಿಂತು ನೋಡಿದಳು.

"ನಿಂದೇ ಅಲ್ವೇನಮ್ಮಾ ಇದು?"

"ಹೂಂ."

"ಅಪ್ಪ ನಿನ್ನ ಕೇಳ್ತಾ ಕೇಳ್ತಾ ಹೋದ್ರಲ್ಲ, ಅವತ್ತು ಹೊಲೀತಿದ್ದಿದ್ದೂ ಇದಕ್ಕೇ?"

ತಾಯಿ ಒಲೆ ಹಚ್ಚಲು ಹೋದಳು. ಮಗಳು ಇಷ್ಟು ದಿನ ಈ ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲ. ಆಡಿಬಿಟ್ಟ ಮೇಲೆ ಇಬ್ಬರಿಗೂ ಊಟ ಸೇರಲಿಲ್ಲ.

ಮುಂದಿನ ವಾರ ನೌಕೆಯನ್ನು ಬಿಚ್ಚಲು ಆದೇಶ ಬಂತು. ಒಳಗಿನ ಉಪಕರಣಗಳು ಬೇರೆ ಕಡೆ ಬಳಕೆಗೆ ಬರುತ್ತವಂತೆ. ಹೊಲಿಗೆಯಮ್ಮ ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆಯನ್ನು ತೆಗೆದುಕೊಂಡು ಒಂದು ಅಂಚಿನಿಂದ ಶುರು ಮಾಡಿದಳು. ನಿಧಾನವಾಗಿ ಬಿಚ್ಚಿದರೆ ಹಾಳೆ ಹರಿಯುವುದಿಲ್ಲ. ಸ್ವಲ್ಪ ಹೊತ್ತಿಗೆ ಉಗ್ರಾಣದ ಅಧಿಕಾರಿ ಹಿಂದೆ ಬಂದು ನಿಂತರು.

"ಏನಮ್ಮಾ ಇದು, ಹೀಗೆ ಒಂದೊಂದೇ ಕೀಳ್ತಾ ಕೂತ್ರೆ ಹಬ್ಬಕ್ಕೂ ಮುಗಿಯಲ್ಲ. ಕತ್ತರಿ ಹಾಕಿ."

"ಹಾಳಾಗುತ್ತೆ ಸರ್."

"ಆಗ್ಲಿ ಬಿಡಿ. ಇದರ ಅಳತೆ ಬೇರೆ ಯಾವುದಕ್ಕೂ ಆಗಲ್ಲ. ಕಸಕ್ಕೇ ಹೋಗೋದು."

ಅವರು ಒರಟಾಗಿ ಹೇಳಲಿಲ್ಲ. ಅವರಿಗೂ ಸಂಜೆಯೊಳಗೆ ಕೋಣೆ ಖಾಲಿ ಮಾಡಿಕೊಡಬೇಕಿತ್ತು.

ಹೊಲಿಗೆಯಮ್ಮ ಕತ್ತರಿ ತೆಗೆದುಕೊಂಡು ನೌಕೆಯ ಆಂಟೆನಾ ಇದ್ದ ಮಗ್ಗುಲಿಗೆ ಹೋದಳು. ಅಷ್ಟರಲ್ಲಿ ಮೇಡಂ ಒಳಗೆ ಬಂದರು. ಈ ಸಲ ನಿಲುವಂಗಿ, ಟೋಪಿ, ಕೈಗವಸು ಎಲ್ಲ ಸರಿಯಾಗಿ ಹಾಕಿಕೊಂಡಿದ್ದರು. ಕಣ್ಣು ಮಾತ್ರ ಕಾಣುತ್ತಿತ್ತು.

"ಕೊಡಿ, ನಾನೂ ಒಂದು ಕೈ ಹಾಕ್ತೀನಿ."

ಕತ್ತರಿ ತೆಗೆದುಕೊಂಡರು. ಎರಡು ಸಲ ಹಾಳೆಯನ್ನು ಹಿಡಿದರು, ಬಿಟ್ಟರು. ಮೂರನೇ ಸಲ ಅಡ್ಡಾದಿಡ್ಡಿಯಾಗಿ ಒಂದಿಷ್ಟು ಸೀಳಿ ಅಲ್ಲೇ ನಿಂತುಬಿಟ್ಟರು. ಮದುವೆ ಬೇಡ ಎಂದು ಇದೊಂದನ್ನೇ ಹಿಡಿದು ಕೂತವರು ಅವರು. ನೌಕೆಯನ್ನೇ ಕಟ್ಟಿಕೊಂಡವರು ಎಂದು ಅವರನ್ನು ತಮಾಷೆ ಮಾಡುತ್ತಿದ್ದ ಕೈಕೆಳಗಿನ ಹುಡುಗರೆಲ್ಲ ಅವತ್ತು ನೆಲ ನೋಡುತ್ತಿದ್ದರು.

"ನೀವು ಬಿಡಿ ಮೇಡಂ," ಎಂದಳು ಹೊಲಿಗೆಯಮ್ಮ. "ನಿಮ್ಮ ಕೈಲಾಗಲ್ಲ."

"ನಿಮ್ಮ ಕೈಲಾಗುತ್ತಾ?"

ಅವಳು ಕತ್ತರಿಯನ್ನು ಅವರ ಬೆರಳುಗಳಿಂದ ಮೆತ್ತಗೆ ಬಿಡಿಸಿಕೊಂಡು, ಆಂಟೆನಾದ ಕೆಳಗಿನ ಅಂಚಿಗೆ ಇಟ್ಟು ಒತ್ತಿದಳು. ಹಾಳೆ ಸರ್ರನೆ ಬಿಟ್ಟುಕೊಂಡಿತು. ಆಮೇಲೆ ಎಲ್ಲೂ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಪ್ಪು ವೈರುಗಳು, ಬೋಳು ಕಂಬಿಗಳು ಹೊರಬಿದ್ದವು. ಹೊದ್ದಿದ್ದಾಗ ಕಂಡಷ್ಟು ದೊಡ್ಡದಾಗಿರಲಿಲ್ಲ ಅದು. ಕಾಲ ಬಳಿ ಚಿನ್ನದ ಬಣ್ಣದ ರಾಶಿ ಮೊಣಕಾಲೆತ್ತರ ಬೆಳೆದಿತ್ತು. ಅದನ್ನು ಚೀಲಗಳಿಗೆ ತುಂಬಿ, ಬಾಯಿ ಕಟ್ಟಿ, ತಳ್ಳುಗಾಡಿಯಲ್ಲಿ ಒಯ್ದರು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಮಗಳು ಅಕ್ಕಿ ಆರಿಸುತ್ತಿದ್ದಳು. ತಾಯಿ ಬಂದು ಗೋಡೆಗೊರಗಿ ಕೂತದ್ದನ್ನು ನೋಡಿ ಕೇಳಿದಳು.

"ಎಲ್ಲಾ ಬಿಚ್ಚಿದ್ರಾ?"

"ಬಿಚ್ಲಿಲ್ಲ. ಕತ್ತರಿಸ್ದೆ."

ಮಗಳ ಬೆರಳು ಅಕ್ಕಿಯಲ್ಲಿ ನಿಂತಿತು.

"ಅಪ್ಪ ಹೋದ ದಿನದ್ದೂನಾ?"

"ಅದನ್ನೇ ಮೊದಲು."

ಮಗಳು ಮೊರವನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಅನ್ನಕ್ಕಿಟ್ಟು ತಿರುಗಿ ಬಂದಾಗ ತಾಯಿ ಬರಿ ನೆಲದ ಮೇಲೆ ಮುದುಡಿ ಮಲಗಿದ್ದಳು, ನಿದ್ದೆ ಹತ್ತಿತ್ತು. ದೀಪ ಹಾಕಿರಲಿಲ್ಲ. ಎದೆಯ ಮೇಲಿದ್ದ ಬಲಗೈಯ ಹೆಬ್ಬೆರಳು, ತೋರುಬೆರಳು ಮಾತ್ರ ಕತ್ತರಿ ಆಡಿಸುವಂತೆ ಬೇರೆಯಾಗುತ್ತಿದ್ದವು, ಕೂಡುತ್ತಿದ್ದವು, ಮತ್ತೆ ಬೇರೆಯಾಗುತ್ತಿದ್ದವು. ಮಗಳು ಪಕ್ಕದಲ್ಲಿ ಕೂತಳು. ಅನ್ನ ಉಕ್ಕಿ ಒಲೆಯ ಮೇಲೆ ಚುಂಯ್ ಎಂದಾಗಲೂ ತಾಯಿಯ ಪಕ್ಕದಿಂದ ಏಳಲಿಲ್ಲ.