ನೀರಿನ ಅಳ್ಳ

'ನನ್ನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ನಾಳೆ ಸಭೆಯಲ್ಲಿ ಎಲ್ಲರೆದುರು ಓದಬೇಕು' ಎಂದು ಬಿಂದುಶ್ರೀ ನಿನ್ನೆ ರಾತ್ರಿ ಡೈರಿಯಲ್ಲಿ ಬರೆದುಕೊಂಡಿದ್ದಳು. ಸಕಲೇಶಪುರಕ್ಕೆ ಬಸ್ಸು ಹತ್ತಿ ಇಳಿದು ಬಿ.ಎ. ಮಾಡಿದ್ದಾಯಿತು, ಹೆತ್ತೂರು ಕಡೆಯ ತನ್ನೂರ ಶಾಲೆಯಲ್ಲೇ ಅತಿಥಿ ಶಿಕ್ಷಕಿಯಾದದ್ದೂ ಆಯಿತು. ಆದರೂ ಹಾಲು, ಹೂವು ಬಾಯಿಗೆ ಬಂದರೆ ಆಲು, ಊವು. ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಗಳಲ್ಲಿ ಬೆಳೆದ ನಾಲಿಗೆ. ಅದಕ್ಕೇ ಅವಳು ಮಾತನ್ನೇ ಕಡಿಮೆ ಮಾಡಿಕೊಂಡಿದ್ದಳು.

"ಅಳ್ಳ ಅಂದ್ರೇನೇ? ಬೆಲ್ಲ ಕಲ್ಸ್ಕೊಂಡು ತಿನ್ನೋ ಅಳ್ಳಿಟ್ಟಾ?"

ಮಕ್ಕಳ ಗ್ರಾಮಸಭೆಯ ಮೇಜಿನ ಹಿಂದಿನಿಂದ ಪಂಚಾಯಿತಿ ಅಧ್ಯಕ್ಷನೂ ಎಸ್ಟೇಟಿನ ಧಣಿಯೂ ಆದ ಸಿದ್ದಬಸಪ್ಪ ಕೇಳಿದ. ಸದಸ್ಯರು ನಕ್ಕರು. ಯಾಕೆಂದು ತಿಳಿಯದೆ ಮುಂದಿನ ಸಾಲಿನ ಮಕ್ಕಳೂ ನಕ್ಕವು. ಎದ್ದು ನಿಂತಿದ್ದ ಆರನೇ ಕ್ಲಾಸಿನ ಶೀಲಾಳ ಲಂಗ ಮೊಣಕಾಲಿನ ತನಕ ಒದ್ದೆಯಾಗಿತ್ತು.

"ಅಲ್ಲ ಸಾ, ನೀರಿನ ಅಳ್ಳ. ನಿಮ್ ಎಸ್ಟೇಟ್ ಗೇಟಿಗೆ ಬೀಗ ಆಕ್ಬುಟ್ಟವ್ರೆ. ಲೈನಿನ ಮಕ್ಳೆಲ್ಲ ಅಳ್ಳ ದಾಟ್ಕಂಡೇ ಬರ್ಬೇಕು. ಮೊನ್ನೆ ನಮ್ ಕ್ಲಾಸಿನ ಧರ್ಮ ಜಾರ್ಬುಟ್ಟ. ಅವನ ಪುಸ್ತಕದ ಚೀಲ ನೀರಲ್ಲಿ ಓಯ್ತು."

"ಏಲಕ್ಕಿ ಕದೀತೀರಲ್ಲ, ಅದಕ್ಕೇ ಬೀಗ. ನಿಮ್ಮಪ್ಪ ಲಕ್ಕಯ್ಯ ಹೇಳ್ಕೊಟ್ಟು ಕಳ್ಸಿದ್ನೇನೇ, ಕಳ್ಳನನ್ಮಗ? ಆಡೋಕೆ ಚೆಂಡು ಕೇಳು, ಕೊಡುಸ್ತೀನಿ. ಗೇಟು ಎಸ್ಟೇಟಿಂದು, ಪಂಚಾಯ್ತಿಗೆ ಸೇರಲ್ಲ. ಕೂತ್ಕೋ."

ಶೀಲಾ ಕೂರಲಿಲ್ಲ. "ಮಕ್ಳು ಯೋಳಿದ್ನ ಬರ್ಕಬೇಕಂತೆ ಸಾ. ಮಿಸ್ಸೇ ಯೋಳಿದ್ರು."

ಎಲ್ಲರ ಕಣ್ಣು ಬಿಂದುಶ್ರೀಯ ಕಡೆ ತಿರುಗಿತು.

ಕಾರ್ಯದರ್ಶಿ ರಾಮಯ್ಯ ನಡಾವಳಿ ಪುಸ್ತಕವನ್ನು ಅವಳ ಕೈಗಿಟ್ಟ. "ಓದ್ಬುಡಮ್ಮ ಅತ್ಲಾಗೆ. ಊಟಕ್ಕೆ ಹೊತ್ತಾಯ್ತು."

ಆ ಪುಸ್ತಕದಲ್ಲಿ ಇವತ್ತಿನ ಸಭೆ ನಿನ್ನೆಯೇ ಮುಗಿದುಹೋಗಿತ್ತು. ರಾಮಯ್ಯ ಹೇಳುತ್ತ ಹೋಗಿದ್ದ, ಅವಳು ತನ್ನ ದುಂಡನೆಯ ಅಕ್ಷರದಲ್ಲಿ ಬರೆಯುತ್ತ ಹೋಗಿದ್ದಳು: ಶಾಲೆಯ ದಾರಿ ಹಸನಾಗಿದೆಯೆಂದು ಮಕ್ಕಳು ಸರ್ವಾನುಮತದಿಂದ ಹರ್ಷ ವ್ಯಕ್ತಪಡಿಸಿದರು. ಹಸನು, ಹರ್ಷ. ನಿನ್ನೆ ಅವಳನ್ನು ಹೆದರಿಸಿದ್ದು ಈ ಎರಡು ಹಕಾರ ಮಾತ್ರ. ಸುಳ್ಳು ಕಣ್ಣಿಗೇ ಬಿದ್ದಿರಲಿಲ್ಲ.

"ಓದು ತಾಯಿ," ಸಿದ್ದಬಸಪ್ಪನ ದನಿ ಮೆತ್ತಗಾಯಿತು. "ನಿಮ್ಮವ್ವ ಭದ್ರಮ್ಮಂಗೆ ಮಂಡಿ ನೋವಂತಲ್ಲ. ಕೆಲ್ಸಕ್ಕೆ ಬರದೋರಿಗೆ ಲೈನಲ್ಲಿ ಮನೆ ಯಾಕೆ ಅಂತ ನಮ್ ಎಸ್ಟೇಟ್ ಲೆಕ್ಕ ಬರಿಯೋ ರೈಟರ್ ಕೇಳ್ತಾನೇ ಅವ್ನೆ. ಇರ್ಲಿ ಬಿಡೋ ಅಂತ ನಾನೇ ತಡ್ದಿದೀನಿ."

ಬಿಂದುಶ್ರೀ ಎದ್ದಳು. ನಿನ್ನೆಯ ಪುಟ ತೆರೆದಳು. ಅವ್ವನ ಊದಿದ ಮಂಡಿ, ಲೈನಿನ ಕೋಣೆ, ಅದರ ಬಾಗಿಲಲ್ಲಿ ಬಂದು ನಿಲ್ಲುವ ರೈಟರ್, ಎಲ್ಲ ಕಣ್ಣೆದುರು ಬಂತು. ಎದುರಿಗೆ ಶೀಲಾ ಇನ್ನೂ ನಿಂತೇ ಇದ್ದಳು. ಲಂಗದ ಅಂಚಿನಿಂದ ನೀರು ತೊಟ್ಟಿಕ್ಕಿ ಸಿಮೆಂಟಿನ ಮೇಲೆ ಅಂಗೈಯಗಲ ಮಡುಗಟ್ಟಿತ್ತು.

ಬಿಂದುಶ್ರೀ ಪುಸ್ತಕ ಮುಚ್ಚಿದಳು.

"ಇದು ನಿನ್ನೆ ಬರ್ದಿದ್ದು," ಎಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಏನು? ಗಟ್ಟಿಯಾಗಿ ಹೇಳಮ್ಮ. ಬಿ.ಎ. ಓದಿದೀಯ," ಎಂದ ಸಿದ್ದಬಸಪ್ಪ. ಸದಸ್ಯರು ನಗಲು ತಯಾರಾದರು.

"ಅಳ್ಳ," ಎಂದಳು ಬಿಂದುಶ್ರೀ.

ಯಾರೋ ಕಿಸಕ್ಕೆಂದರು. ಅವಳು ತಿದ್ದಿಕೊಳ್ಳಲಿಲ್ಲ.

"ಗೇಟಿಗೆ ನೀವೇ ಬೀಗ ಆಕ್ಸಿರೋದು. ನಮ್ ಮಕ್ಳು ಅಳ್ಳ ದಾಟಿ ಬತ್ತಾವೆ."