ಮೊದಲನೆಯ ಗೇರು

ಆ ಶುಕ್ರವಾರ ದ್ವಾದಶಿ. ಪಾರಣೆಗೆ ಅಗಸೆಸೊಪ್ಪು ಬೇಕೆಂದು ಪದ್ಮನಾಭರಾಯರು ಬೆಳಗಾಗುತ್ತಲೇ ಪಲ್ಲಾವರದ ಸಂತೆಗೆ ನಡೆದು ಹೋಗಿದ್ದರು. ಸೊಪ್ಪಿನವಳ ಮುಂದೆ ಬಗ್ಗಿ ನಿಂತಿದ್ದಾಗ ಪಕ್ಕದ ಮನೆಯ ಶಿವರಾಮು ಜನರ ನಡುವೆಯೇ ಸ್ಕೂಟರು ನುಗ್ಗಿಸಿಕೊಂಡು ಬಂದ.

“ಸಾರ್, ಹತ್ತಿ. ಏನೂ ಕೇಳ್ಬೇಡಿ, ಹತ್ತಿ.”

“ಯಾಕೋ? ಇನ್ನೂ ಸೊಪ್ಪೇ ತಗೊಂಡಿಲ್ಲ.”

“ಸಂಜೀವಂಗೆ ಪೆಟ್ಟಾಗಿದೆ ಸಾರ್. ಕಾರು...”

ಅವನು ಮಾತು ಮುಗಿಸಲಿಲ್ಲ. ತಮ್ಮ ಬದುಕಿದ್ದಾನೆಯೇ ಎಂದು ಕೇಳುವುದಕ್ಕೆ ಮುಂಚೆಯೇ ರಾಯರ ಎಡಗೈ ತಣ್ಣಗಾಯಿತು. ಹಿಂದಿನ ಸಂಜೆ ಕಾರು ನಿಲ್ಲಿಸಿ, ಗೇರಿನ ಹಿಡಿಯನ್ನು ಮೊದಲನೆಯ ಗೇರಿಗೆ ತಳ್ಳಿದ್ದು ಆ ಕೈಗೆ ಚೆನ್ನಾಗಿ ನೆನಪಿತ್ತು.

ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಣ್ಣನ ಪೂಜೆಗೆ ಹೂ ಬಿಡಿಸಿಡೋಣವೆಂದು ಸಂಜೀವ ಕಾರಿಗೂ ಗೋಡೆಗೂ ನಡುವೆ ಇದ್ದ ನಂದಿಬಟ್ಟಲ ಗಿಡದ ಹತ್ತಿರ ನಿಂತಿದ್ದನಂತೆ. ಒಂದು ಕೈಯಲ್ಲಿ ಹೂಬುಟ್ಟಿ, ಇನ್ನೊಂದರಲ್ಲಿ ರಿಮೋಟು. ಗುಂಡಿ ಒತ್ತಿದ್ದಾನೆ. ಕಾರು ಸ್ಟಾರ್ಟ್ ಆಗಿ, ಆದ ಹಾಗೆಯೇ ಮುಂದಕ್ಕೆ ನುಗ್ಗಿ, ಅವನನ್ನು ಗೋಡೆಗೆ ಒತ್ತಿಬಿಟ್ಟಿದೆ.

ಆ ರಿಮೋಟಿನ ಕಥೆ ಶುರುವಾದದ್ದು ಮೂರು ತಿಂಗಳ ಹಿಂದೆ, ಎರಡು ಸಾವಿರದ ನಾಲ್ಕನೆಯ ಇಸವಿಯ ಮಾಘದಲ್ಲಿ. ಸಂಜೀವನಿಗೆ ಐವತ್ತೆರಡು ವರ್ಷವಾದರೂ ಹೊಸ ಸಾಮಾನು ಕಂಡರೆ ಮಗುವಿನಂತಾಗುತ್ತಿದ್ದ. ಪ್ಯಾರೀಸ್ ಕಾರ್ನರಿನ ಫಾರಿನ್ ಸಾಮಾನಿನ ಸಾಲಿನಿಂದ ಒಂದು ಡಬ್ಬಿ ಹಿಡಿದು ಬಂದ.

“ಅಣ್ಣಾ, ಮೇ ತಿಂಗಳ ಕತ್ತರಿ ಬಿಸಿಲಲ್ಲಿ ಕಾರಿನ ಸೀಟು ಹೆಂಚು ಕಾದ ಹಾಗೆ ಕಾದಿರತ್ತೆ. ಪಂಚೆ ಉಟ್ಕೊಂಡು ಅದ್ರ ಮೇಲೆ ಕೂತು ನೀನು ಹರಿಸ್ಮರಣೆ ಮಾಡೋದನ್ನ ನೋಡಿದ್ದೀನಿ. ಇನ್ಮೇಲೆ ಮನೆ ಒಳಗಿಂದ್ಲೇ ಗುಂಡಿ ಒತ್ತೋದು. ಎಂಜಿನ್ನು, ಏಸಿ, ಎಲ್ಲ ಓಡ್ತಾ ಇರತ್ತೆ. ನೀನು ಹೋಗಿ ಕೂರೋದಷ್ಟೇ, ಮಹಾರಾಜನ ಹಾಗೆ.”

“ಕೀಲಿಕೈ ತಿರುಗಿಸೋಕೂ ಕೈ ನೋವಾ ನಿಂಗೆ?” ಎಂದು ರಾಯರು ನಕ್ಕಿದ್ದರು.

ಅದನ್ನು ಕೂರಿಸಲು ಬಂದ ಮೆಕ್ಯಾನಿಕ್ ವೆಂಕಟೇಶ ಹೊಸೂರಿನ ಕಡೆಯವನು; ಕನ್ನಡಕ್ಕೆ ತಮಿಳು ಬೆರೆಸಿ ಮಾತಾಡುತ್ತಿದ್ದ. ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ ತಲೆಯಾಡಿಸಿದ. “ಇದು ಆಟೋಮ್ಯಾಟಿಕ್ ಕಾರಿಗೆ ಮಾಡಿದ್ದು ಸಾರ್. ನಮ್ದು ಕೈಯಲ್ಲಿ ಗೇರ್ ಹಾಕೋ ವಂಡಿ. ಗೇರಲ್ಲಿದ್ದಾಗ ಒತ್ತಿದ್ರೆ ಎಗರಿಬಿಡತ್ತೆ. ವೇಂಡಾಂ, ಬೇಡ ಸಾರ್.”

ಸಂಜೀವ ಬಿಡಲಿಲ್ಲ. ವೆಂಕಟೇಶ ಒಂದು ಭಾನುವಾರವೆಲ್ಲ ಸ್ಟೀರಿಂಗಿನ ಕೆಳಗೆ ಅಂಗಾತ ಮಲಗಿ, ತಂತಿ ಸುಲಿದು, ಬೆಸೆದು, ಹ್ಯಾಂಡ್‌ಬ್ರೇಕ್ ಎಳೆದಿದ್ದರೆ ಮಾತ್ರ ರಿಮೋಟು ಕೆಲಸ ಮಾಡುವಂತೆ ಕೂಡಿಸಿದ. ಎದ್ದು ಬೆವರು ಒರೆಸಿಕೊಂಡು ರಾಯರ ಕಡೆಗೇ ತಿರುಗಿ ಹೇಳಿದ: “ಪೆರಿಯವರೇ, ಹ್ಯಾಂಡ್‌ಬ್ರೇಕು ಇದಕ್ಕೆ ಗೊತ್ತಾಗತ್ತೆ. ಗೇರು ಎಲ್ಲಿದೆ ಅಂತ ತೆರಿಯಾದು, ಗೊತ್ತಾಗಲ್ಲ. ಅದನ್ನ ನೀವೇ ನೋಡ್ಬೇಕು. ನಿಲ್ಸಿದ ಮೇಲೆ ನ್ಯೂಟ್ರಲ್, ಚಕ್ರಕ್ಕೆ ಕಲ್ಲು. ಮರೀಬೇಡಿ.”

ರಾಯರಿಗೇ ಹೇಳಿದ್ದಕ್ಕೆ ಕಾರಣವಿತ್ತು. ಆ ಮನೆ ಬೆಟ್ಟದ ಬುಡದ ಏರು ಬೀದಿಯಲ್ಲಿತ್ತು; ಅಂಗಳವೂ ಇಳಿಜಾರು. ಹ್ಯಾಂಡ್‌ಬ್ರೇಕನ್ನು ನಂಬಬೇಡ, ಗೇರಿನಲ್ಲಿ ನಿಲ್ಲಿಸು ಎಂದು ಅವರಿಗೆ ಡ್ರೈವಿಂಗ್ ಕಲಿಸಿದವರು ಹೇಳಿಕೊಟ್ಟಿದ್ದರು. ನಲವತ್ತು ವರ್ಷ ಅವರು ಹಾಗೆಯೇ ನಿಲ್ಲಿಸಿದ್ದರು. ಮೂರು ತಿಂಗಳು ಹೊಸ ಪಾಠವನ್ನು ತಪ್ಪದೆ ಪಾಲಿಸಿದರು. ಏಕಾದಶಿಯ ಸಂಜೆ ಮನೆಯಲ್ಲಿ ಯಾರೂ ಇರಲಿಲ್ಲ; ಎಲ್ಲರೂ ಆಟೋದಲ್ಲಿ ಸ್ನೇಹಿತರ ಮನೆಯ ಸೀಮಂತಕ್ಕೆ ಹೋಗಿದ್ದರು. ರೈಲಿನ ಬದಲು ಕಾರು ತೆಗೆದುಕೊಂಡು ಮಠದ ಪ್ರವಚನಕ್ಕೆ ಹೋಗಿಬಂದರು. ಕಾರು ನಿಲ್ಲಿಸುವಾಗ ಬಾಯಲ್ಲಿ ನಾಮಜಪ ನಡೆದಿತ್ತು. ಹ್ಯಾಂಡ್‌ಬ್ರೇಕ್ ಎಳೆದ ಕೈ ತನ್ನ ಹಳೆಯ ಕೆಲಸವನ್ನೂ ತಾನೇ ಮಾಡಿಬಿಟ್ಟಿತು; ಚಕ್ರಕ್ಕೆ ಕಲ್ಲು ಇಡುವುದು ನೆನಪಾಗಲಿಲ್ಲ.

ಕಾರು ಹೊರಗೆ ಹೋಗಿದ್ದು ಯಾರಿಗೂ ಗೊತ್ತಿರಲಿಲ್ಲ. ಸತ್ತವನೇ ಗೇರು ನೋಡದೆ ಗುಂಡಿ ಒತ್ತಿದ್ದಾನೆ ಎಂದು ಪೊಲೀಸರು ಬರೆದುಕೊಂಡರು. ರಾಯರು ಬಾಯಿ ತೆರೆಯಲಿಲ್ಲ. ಇವತ್ತು ಹೇಳಿದರೆ ಸಂಜೀವನ ಹೆಂಡತಿ ಜಯಲಕ್ಷ್ಮೀ ತಡೆಯಲಾರಳು, ನಾಳೆ ಹೇಳೋಣ ಎಂದುಕೊಂಡರು. ನಾಳೆಯೂ ಹಾಗೆಯೇ ಅಂದುಕೊಂಡರು.

ಸಂಜೀವನಿಗೆ ಗಂಡುಮಕ್ಕಳಿರಲಿಲ್ಲ. ಕರ್ಮ ಮಾಡುವ ಭಾರವೂ ಅಣ್ಣನ ಮೇಲೆಯೇ ಬಿತ್ತು. ದಿನವೂ ದರ್ಭೆಯ ಪವಿತ್ರ ತೊಟ್ಟು ಎಳ್ಳುನೀರು ಬಿಡುವಾಗ, ಈ ಕೈಯ ನೀರು ಅವನಿಗೆ ಮುಟ್ಟುತ್ತದೆಯೇ ಎಂದು ಕೇಳಿಕೊಳ್ಳುತ್ತಿದ್ದರು. ಹತ್ತನೆಯ ದಿನ ಕಾಗೆ ಪಿಂಡವನ್ನು ಮುಟ್ಟುವುದಿಲ್ಲ ಎಂದೇ ಅವರು ನಂಬಿದ್ದರು. ಅದು ಎಲೆ ಇಡುವುದನ್ನೇ ಕಾಯುತ್ತಿದ್ದಂತೆ ಬಂದು ತಿಂದು ಹೋಯಿತು. ತಮ್ಮನಿಗೆ ಅಣ್ಣನ ಮೇಲೆ ದೂರೇ ಇಲ್ಲ! ಅದು ಅವರಿಗೆ ಇನ್ನೂ ದೊಡ್ಡ ಶಿಕ್ಷೆಯಾಗಿ ಕಂಡಿತು.

ಅಷ್ಟರಲ್ಲಿ ಕಾರು ಪೊಲೀಸ್ ಠಾಣೆಯಿಂದ ಬಂದಿತ್ತು. ವೆಂಕಟೇಶನೇ ತಂದು ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಚಕ್ರಗಳಿಗೆ ಕಲ್ಲು ಕೊಟ್ಟು, ಬೂದು ಬಣ್ಣದ ಹೊದಿಕೆ ಹಾಕಿದ. “ಆ ಸಾಮಾನು ಕಿತ್ತುಬಿಡ್ಲಾ ಸಾರ್?” ಎಂದು ಕೇಳಿದಾಗ ಅವನ ಕಣ್ಣೂ ಕೆಂಪಾಗಿತ್ತು. ಅದರ ವಿಷಯ ಮಾತಾಡಲು ಧೈರ್ಯವಿಲ್ಲದೆ ರಾಯರು “ಆಮೇಲೆ ನೋಡೋಣ” ಎಂದರು.

ಅಂದಿನಿಂದ ಬೆಳಕು ಹರಿಯುವ ಹೊತ್ತಿಗೆ ಎಂಜಿನ್ನಿನ ಸದ್ದು ಕೇಳತೊಡಗಿತು. ಒಮ್ಮೆ ಗರಗರ ಅಂದು, ಸ್ವಲ್ಪ ಹೊತ್ತು ಓಡಿ, ನಿಂತುಬಿಡುತ್ತಿತ್ತು. ಸಂಜೀವ ದಿನವೂ ಕಾರು ಶುರು ಮಾಡುತ್ತಿದ್ದ ಹೊತ್ತೇ ಅದು. ರಾಯರು ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಬೆಳಗಾದ ಮೇಲೆ ಯಾರನ್ನೂ ಕೇಳುತ್ತಿರಲಿಲ್ಲ; ನನಗೆ ಕೇಳಲಿಲ್ಲವಲ್ಲ ಎಂದು ಯಾರಾದರೂ ಅಂದುಬಿಟ್ಟರೆ ಎಂಬ ಭಯ.

ವೈಕುಂಠ ಸಮಾರಾಧನೆಯ ಮರುದಿನ ತಡೆಯಲಾಗಲಿಲ್ಲ. ಸದ್ದು ಶುರುವಾದದ್ದೇ ಎದ್ದು ಹೊರಗೆ ಬಂದರು. ಹೊದಿಕೆಯೊಳಗೆ ಕಾರು ಮೆಲ್ಲನೆ ನಡುಗುತ್ತಿತ್ತು, ಜ್ವರ ಬಂದವರ ಹಾಗೆ. ಮುಂದಿನ ದೀಪಗಳೆರಡೂ ಬಟ್ಟೆಯೊಳಗಿಂದಲೇ ಮಂಕಾಗಿ ಬೆಳಗಿದ್ದವು. ಒಳಗೆ ಯಾರೂ ಇರಲಿಲ್ಲ.

“ಸಂಜೀವಾ,” ಎಂದರು ರಾಯರು. ನಡೆದು ಹೋಗಿ ಕಾರಿಗೂ ಗೋಡೆಗೂ ನಡುವೆ, ತಮ್ಮ ನಿಂತಿದ್ದ ಜಾಗದಲ್ಲೇ ನಿಂತರು. “ನಾನೇ ಕಣೋ. ಬಾ.”

“ದೊಡ್ಡಪ್ಪಾ! ಅಲ್ಲಿ ನಿಲ್ಬೇಡಿ! ಅಯ್ಯೋ, ವಾಂಗೋ, ಬನ್ನಿ ಈ ಕಡೆ!”

ತಾರಸಿಯ ಮೇಲಿಂದ ಬಂದ ಕೂಗು ಅದು. ಎಂಜಿನ್ನು ತಟ್ಟನೆ ನಿಂತಿತು. ಸಂಜೀವನ ಮಗಳು ಸಂಹಿತಾ ಮೆಟ್ಟಿಲು ಹಾರಿ ಇಳಿದು ಬಂದು ಅವರ ತೋಳು ಹಿಡಿದು ಈಚೆಗೆ ಎಳೆದಳು. ಹತ್ತೊಂಬತ್ತು ವರ್ಷದ ಹುಡುಗಿ ಹದಿಮೂರು ದಿನದಲ್ಲಿ ಒಣಕಡ್ಡಿಯಂತಾಗಿದ್ದಳು. ಅವಳ ಮುಷ್ಟಿಯಲ್ಲಿ ಅಪ್ಪನ ರಿಮೋಟು.

“ನೀನೇನಮ್ಮಾ ದಿನಾ?”

“ಅಪ್ಪ ಕಾರ್ ಸ್ಟಾರ್ಟ್ ಮಾಡಿ, ಎದ್ದೇಳೇ ಸೋಂಬೇರಿ ಅಂತಿದ್ರು. ಆ ಸೌಂಡ್ ಕೇಳ್ಬೇಕು ಅನ್ಸತ್ತೆ.” ಅವಳು ಅಲ್ಲೇ ಕುಸಿದು ಕೂತಳು. “ಸಾರಿ ದೊಡ್ಡಪ್ಪಾ. ನಾನೇ ಮಾಡಿದ್ದು. ಎಲ್ಲಾನೂ ನಾನೇ.”

“ಏನು ನೀನೇ?”

“ಏಕಾದಶಿ ಮಧ್ಯಾಹ್ನ ಕಾರಲ್ಲಿ ಕೂತು ಗೇರ್ ಪ್ರಾಕ್ಟೀಸ್ ಮಾಡ್ದೆ. ಅಮ್ಮ ಸೀಮಂತಕ್ಕೆ ಲೇಟಾಯ್ತು ಅಂತ ಕರೆದ್ಳು, ಹಾಗೇ ಇಳಿದು ಓಡ್ದೆ. ನ್ಯೂಟ್ರಲ್ ಮಾಡಿದ್ನಾ, ಇಲ್ವಾ, ಎಷ್ಟು ಯೋಚ್ನೆ ಮಾಡಿದ್ರೂ ಜ್ಞಾಪಕಕ್ಕೆ ಬರ್ತಿಲ್ಲ. ನಾನೇ ಅಪ್ಪನ್ನ ಕೊಂದುಬಿಟ್ಟೆ.”

ರಾಯರು ಮೆಲ್ಲನೆ ಅವಳ ಪಕ್ಕದಲ್ಲಿ ಕೂತರು. ತಾವು ನುಂಗಿ ಕೂತಿದ್ದ ಮಾತು ತಮ್ಮೊಳಗೇ ಇದೆ ಎಂದು ಅವರು ತಿಳಿದಿದ್ದರು. ಅದು ಹದಿಮೂರು ದಿನವೂ ಈ ಮಗುವಿನ ತಲೆಯ ಮೇಲೆ ಕೂತಿತ್ತು. ಈಗಲೂ ಸುಮ್ಮನಿದ್ದರೆ ಕೇಳುವವರಿಲ್ಲ. ಒಂದು ಉಸಿರಿನಷ್ಟು ಹೊತ್ತು ಆ ಯೋಚನೆಯೂ ಬಂದು ಹೋಯಿತು. ಅವರ ಮೇಲೆ ಅವರಿಗೇ ಹೇಸಿಗೆಯಾಯಿತು.

“ನೀನಲ್ಲ ಕಂದಾ. ಆ ಸಾಯಂಕಾಲ ನಾನು ಕಾರು ತಗೊಂಡು ಮಠಕ್ಕೆ ಹೋಗಿದ್ದೆ. ಬಂದು ನಿಲ್ಸಿದವನು ನಾನು. ಫಸ್ಟ್ ಗೇರಲ್ಲೇ ನಿಲ್ಸಿದೆ. ನಂಗೆ ಅವತ್ತೇ ಗೊತ್ತಿತ್ತು.”

ಅವಳು ಅವರ ಮುಖವನ್ನೇ ನೋಡಿದಳು. “ನಿಜ್ವಾ? ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?”

“ಗುರುರಾಯರಾಣೆ.”

ಬಾಗಿಲಲ್ಲಿ ಜಯಲಕ್ಷ್ಮೀ ನಿಂತಿದ್ದಳು. ಕೂಗು ಕೇಳಿ ಎದ್ದು ಬಂದಿದ್ದಳು. ಎಲ್ಲವೂ ಕಿವಿಗೆ ಬಿದ್ದಿತ್ತು. ಅವಳು ಅಳಲಿಲ್ಲ. ಮಗಳನ್ನು ಎಬ್ಬಿಸಿ ಎದೆಗೆ ಒರಗಿಸಿಕೊಂಡಳು.

“ಅವರು ಹೋಗಿದ್ದು ವಿಧಿ ಅಂತ ಇಟ್ಕೋತೀನಿ ಭಾವ. ಕೈ ತಪ್ಪತ್ತೆ, ಯಾರ್ದಾದ್ರೂ ತಪ್ಪತ್ತೆ. ಆದ್ರೆ ಇವ್ಳು ಹದಿಮೂರು ದಿನದಿಂದ ಒಂದು ತುತ್ತು ನೆಟ್ಟಗೆ ತಿಂದಿಲ್ಲ. ನೀವು ಎದುರಿಗೇ ಕೂತು ನೋಡ್ತಿದ್ರಿ.”

“ನಾನು ಇಲ್ಲಿಂದ ಹೊರಟುಹೋಗ್ತೀನಮ್ಮಾ,” ಎಂದರು ರಾಯರು.

“ಎಲ್ಲಿಗೆ? ನಾವು ಕೋಪ ಮಾಡ್ಕೊಳೋಕೂ ಮನೇಲಿ ಯಾರೂ ಇಲ್ಲದ ಹಾಗೆ ಮಾಡ್ತೀರಾ?” ಎಂದಳು ಅವಳು. ಕಣ್ಣೊರೆಸಿಕೊಂಡು ಒಳಗೆ ತಿರುಗಿದಳು. “ದೇವ್ರ ದೀಪ ಹಚ್ಚಿ ಹದಿನಾಲ್ಕು ದಿನ ಆಯ್ತು. ಸ್ನಾನ ಮಾಡಿ ಬನ್ನಿ.”

ರಾಯರು ಸ್ನಾನ ಮಾಡಿ, ಮಡಿಯುಟ್ಟು, ದೇವರ ಮುಂದೆ ಕುಳಿತರು. ಹಿಂದೆ ಜಯಲಕ್ಷ್ಮೀ ಮಗಳಿಗೆ ಮೊಸರನ್ನ ಕಲಸಿ ಕೊಡುತ್ತಿದ್ದ ಸದ್ದು ಕೇಳುತ್ತಿತ್ತು. ದೀಪ ಹಚ್ಚಿ, ಆ ಎಡಗೈಯನ್ನು ಬಲಗೈಗೆ ಸೇರಿಸಿ ಮುಗಿದರು.

“ಸ್ವಾಮೀ ನಾರಾಯಣಾ, ನನಗಾಗಿ ನಾನು ಏನನ್ನೂ ಕೇಳುವುದಿಲ್ಲ. ನಿನಗೆ ಹೂ ಬಿಡಿಸಲು ಹೋಗಿ ಪ್ರಾಣ ಬಿಟ್ಟವನು ನನ್ನ ತಮ್ಮ. ಅವನಿಗಾದ ನೋವು ಅವನ ಜೊತೆ ಬಾರದಿರಲಿ. ಭಯವೂ ಬಾರದಿರಲಿ. ಈ ಮನೆಯ ಚಿಂತೆ ಅವನನ್ನು ಹಿಂದಕ್ಕೆ ಎಳೆಯದಿರಲಿ. ಸಂಜೀವನಿಗೆ ನಿನ್ನ ಪಾದದ ಹತ್ತಿರ ತಂಪಾದ ಜಾಗ ಕೊಡು. ಅವನು ಶಾಂತಿಯಿಂದ ಇರಲಿ.”